ಸವೆದ ಅಕ್ಷರಗಳಿಗೂ ಸಲ್ಲುವ ಮರ್ಯಾದೆ

ವಾರ್ಷಿಕ ಪರೀಕ್ಷೆ ಮುಗಿದೊಡನೆ ನಮ್ಮ ಹೆಚ್ಚಿನ ಮನೆಗಳಲ್ಲಿ ನಡೆಯುವ ಮೊದಲ ಕೆಲಸವೆಂದರೆ ಹಳೆಯ ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟಿ ರದ್ದಿ ಅಂಗಡಿಗೆ ಹಾಕುವುದು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವೇ. ಅದೇ ಪುಸ್ತಕವನ್ನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಮಾರುವವರೂ ನಾವೇ. ಓದಿ ಓದಿ ಹರಿದುಹೋದ, ಇನ್ನು ಓದಲು ಬಾರದ ಪುಸ್ತಕವನ್ನು ಏನು ಮಾಡಬೇಕು? ಅದರಲ್ಲೂ ಆ ಪುಸ್ತಕ ದೇವರ ಮುಂದಿಟ್ಟು ಪೂಜಿಸುವಂಥದ್ದಾದರೆ?

ಈ ಪ್ರಶ್ನೆಯನ್ನು ಸುಮಾರು 2 ಸಾವಿರ ವರ್ಷಗಳ ಹಿಂದೆಯೇ ಕೂತು ಚರ್ಚಿಸಿ, ಅದಕ್ಕೆಂದೇ ಕಟ್ಟುಕಟ್ಟಳೆಗಳನ್ನು ಮಾಡಿಕೊಂಡವರು ಯೆಹೂದಿಗಳು. ಅವರಲ್ಲಿ ಸವೆದ ಧರ್ಮಗ್ರಂಥವನ್ನು ಸುಡುವಂತಿಲ್ಲ, ಹರಿದೆಸೆಯುವಂತಿಲ್ಲ, ಕಸದ ಬುಟ್ಟಿಗೆ ಹಾಕುವಂತಿಲ್ಲ. ಅದನ್ನು ಒಂದು ಪ್ರತ್ಯೇಕ ಜಾಗದಲ್ಲಿ ಇರಿಸಿ, ಬಳಿಕ ತೀರಿಕೊಂಡ ಮನುಷ್ಯರನ್ನು ಹೂಳುವಂತೆಯೇ ಸ್ಮಶಾನದಲ್ಲಿ ಮಣ್ಣು ಮಾಡುತ್ತಾರೆ. ಹಾಗೆ ತೆಗೆದಿರಿಸುವ ಜಾಗಕ್ಕೆ ಹೀಬ್ರೂ ಭಾಷೆಯಲ್ಲಿ ‘ಗೆನೀಜಾ’ ಎಂದು ಹೆಸರು. ಬಚ್ಚಿಡು, ಜೋಪಾನವಾಗಿ ಎತ್ತಿಡು ಎಂಬುದು ಆ ಪದದ ಮೂಲ ಅರ್ಥ.

ಇದು ಯಾರದೋ ದೂರದ ದೇಶದ ಸಂಪ್ರದಾಯವೆನ್ನಿಸಬಹುದು. ಆದರೆ 12ನೆಯ ಶತಮಾನದ ಮಂಗಳೂರಿನ ಬಗ್ಗೆ ನಮಗೆ ಇಂದು ತಿಳಿದಿರುವ ಕೆಲವು ಸಂಗತಿಗಳು ಉಳಿದುಬಂದದ್ದು ಇಂಥ ಒಂದು ಗೆನೀಜಾದಿಂದಲೇ. ಆ ಕಥೆಗೆ ಬರುವ ಮೊದಲು ಸಂಪ್ರದಾಯದ ಬುಡವನ್ನು ಸ್ವಲ್ಪ ನೋಡೋಣ.

ಅಳಿಸಬಾರದ ಹೆಸರು

ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾ. ಅದರಲ್ಲಿ 5 ಭಾಗಗಳಿವೆ. ಐದನೆಯದಾದ ಧರ್ಮೋಪದೇಶಕಾಂಡದ 12ನೆಯ ಅಧ್ಯಾಯದಲ್ಲಿ ಅನ್ಯ ದೇವತೆಗಳ ಬಲಿಪೀಠಗಳನ್ನು ಕೆಡವಿ ಅವುಗಳ ಹೆಸರನ್ನೂ ಅಳಿಸಿಬಿಡಿ ಎಂಬ ಆಜ್ಞೆ ಬರುತ್ತದೆ. ಅದರ ಬೆನ್ನಿಗೇ, ನಿಮ್ಮ ದೇವರ ವಿಷಯದಲ್ಲಿ ಹಾಗೆ ಮಾಡಕೂಡದು ಎಂಬ ಮಾತೂ ಇದೆ. ಹಾಗಾದರೆ ದೇವರ ಹೆಸರನ್ನು ಬರೆದ ಮೇಲೆ ಅದನ್ನು ಅಳಿಸುವುದು ಅಪರಾಧ ಎಂದು ಧರ್ಮಪಂಡಿತರು ಅರ್ಥ ಮಾಡಿದರು. ಇಡೀ ಗೆನೀಜಾ ಪದ್ಧತಿ ಈ ಒಂದು ಎಳೆಯ ಮೇಲೆ ನಿಂತಿದೆ.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ‘ಮಿಷ್ನಾ’ ಎಂಬ ಧರ್ಮಸಂಹಿತೆ ಪವಿತ್ರ ಬರಹಗಳನ್ನು ಬೆಂಕಿಯಿಂದ ಕಾಪಾಡುವ ವಿಚಾರವನ್ನೇ ಬಿಡಿಸಿ ಹೇಳುತ್ತದೆ. ಸಬ್ಬತ್ ದಿನದಂದು, ಎಂದರೆ ಶನಿವಾರ, ಯೆಹೂದಿಗಳು ಯಾವ ಕೆಲಸವನ್ನೂ ಮಾಡುವಂತಿಲ್ಲ; ಭಾರ ಹೊರುವುದಕ್ಕೂ ನಿರ್ಬಂಧ. ಆದರೂ ಮನೆಗೆ ಬೆಂಕಿ ಬಿದ್ದರೆ ಧರ್ಮಗ್ರಂಥಗಳನ್ನು ಹೊರಕ್ಕೆ ತಂದು ಉಳಿಸಬಹುದು.

12ನೆಯ ಶತಮಾನದ ಮಹಾ ಪಂಡಿತ ಮೈಮೊನಿಡಿಸ್ ಈ ನಿಯಮಗಳನ್ನೆಲ್ಲ ಕ್ರೋಡೀಕರಿಸಿದ. ವೃತ್ತಿಯಲ್ಲಿ ಆತ ವೈದ್ಯ. ದೇವರ 7 ಹೆಸರುಗಳನ್ನು ಅಳಿಸಕೂಡದು. ಸವೆದುಹೋದ ತೋರಾ ಸುರುಳಿಯನ್ನು ಮಣ್ಣಿನ ಪಾತ್ರೆಯಲ್ಲಿಟ್ಟು ವಿದ್ವಾಂಸರ ಸಮಾಧಿಯ ಪಕ್ಕದಲ್ಲಿ ಹೂಳಬೇಕು ಎಂದು ಆತ ಬರೆದಿದ್ದಾನೆ. ಈ ಮೈಮೊನಿಡಿಸ್‌ನ ಹೆಸರನ್ನು ನೆನಪಿಡಿ. ಮುಂದೆ ಮತ್ತೊಮ್ಮೆ ಬರುತ್ತದೆ.

ಮಣ್ಣಿನ ಪಾತ್ರೆಯೇ ಏಕೆ? ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಕ್ರಯಪತ್ರಗಳು ಬಹುಕಾಲ ಬಾಳಲೆಂದು ಅವನ್ನು ಮಣ್ಣಿನ ಗಡಿಗೆಯಲ್ಲಿ ಇಡುವ ಪ್ರಸಂಗವಿದೆ. ಅದೇ ಇಲ್ಲಿಗೂ ಆಧಾರ. ಗ್ರಂಥ ಬೇಗ ಕೊಳೆತುಹೋಗಲಿ ಎಂಬುದು ಹೂಳುವವರ ಉದ್ದೇಶವಲ್ಲ. ನಾವಾಗಿ ನಾಶ ಮಾಡುವುದು ಬೇಡ, ಕಾಲ ತನ್ನ ಕೆಲಸ ಮಾಡಲಿ, ಅದೂ ಆದಷ್ಟು ನಿಧಾನವಾಗಿ ಆಗಲಿ ಎಂಬುದು ಅವರ ಭಾವನೆ.

ಮಾಚಿಕಾಯಿ, ಅನ್ನಭೇದಿ ಮತ್ತು ತಾಳ್ಮೆ

ಒಂದು ತೋರಾ ಸುರುಳಿ ತಯಾರಾಗುವ ರೀತಿಯನ್ನು ತಿಳಿದರೆ ಇಷ್ಟೊಂದು ಅಕ್ಕರೆ ಏಕೆಂಬುದು ಅರ್ಥವಾಗುತ್ತದೆ. ಪ್ರಾರ್ಥನಾ ಮಂದಿರದಲ್ಲಿ ಓದುವ ತೋರಾ ಇಂದಿಗೂ ಮುದ್ರಿತ ಪುಸ್ತಕವಲ್ಲ. ಅದು ಕೈಯಲ್ಲೇ ಬರೆದ ಸುರುಳಿ. ತಿನ್ನಲು ಧರ್ಮ ಒಪ್ಪುವ ಹಸು, ಕುರಿ, ಆಡುಗಳಂಥ ಪ್ರಾಣಿಗಳ ಚರ್ಮವನ್ನು ಹದಗೊಳಿಸಿ ಹಾಳೆಗಳನ್ನು ಮಾಡುತ್ತಾರೆ. ಹಕ್ಕಿಯ ಗರಿಯನ್ನೋ ಜೊಂಡನ್ನೋ ಚೂಪು ಮಾಡಿದ ಲೇಖನಿಯಿಂದ ಬರೆಯುತ್ತಾರೆ. ಹಾಳೆಗಳನ್ನು ಪ್ರಾಣಿಯ ನರದಿಂದ ಮಾಡಿದ ದಾರದಲ್ಲೇ ಹೊಲಿಯುತ್ತಾರೆ. ಒಟ್ಟು ಅಕ್ಷರಗಳು 3,04,805. ಬರೆದು ಮುಗಿಸಲು ಒಬ್ಬ ಲಿಪಿಕಾರನಿಗೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು.

ಮಸಿಯ ವಿಚಾರ ವಿಜ್ಞಾನದ ವಿದ್ಯಾರ್ಥಿಗಳಿಗೆ ಹಿಡಿಸುವಂಥದ್ದು. ಓಕ್ ಮರದ ಚಿಗುರಿನಲ್ಲಿ ಒಂದು ಬಗೆಯ ಪುಟ್ಟ ಕಣಜ ಮೊಟ್ಟೆಯಿಟ್ಟಾಗ ಆ ಜಾಗ ಊದಿಕೊಂಡು ಗುಂಡನೆಯ ಗಂಟಾಗುತ್ತದೆ. ಗ್ರಂದಿಗೆ ಅಂಗಡಿಯಲ್ಲಿ ಮಾಚಿಕಾಯಿ ಎಂದು ಸಿಗುವುದು ಇದೇ. ಇದರಲ್ಲಿ ಟ್ಯಾನಿನ್ ಹೇರಳವಾಗಿದೆ. ಇದರ ಕಷಾಯಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಮತ್ತು ಗೋಂದು ಬೆರೆಸುತ್ತಾರೆ. ಬರೆಯುವಾಗ ಈ ಮಸಿ ಅಷ್ಟು ಕಪ್ಪಾಗಿರುವುದಿಲ್ಲ. ಗಾಳಿಯ ಆಮ್ಲಜನಕ ತಾಗಿದಂತೆ ಫೆರಸ್ ರೂಪದ ಕಬ್ಬಿಣ ಫೆರಿಕ್ ರೂಪಕ್ಕೆ ತಿರುಗುತ್ತದೆ. ಟ್ಯಾನಿನ್ ಜೊತೆ ಸೇರಿ, ನೀರಿನಲ್ಲಿ ಕರಗದ ಅಚ್ಚ ಕಪ್ಪು ಬಣ್ಣವಾಗಿ ಚರ್ಮದ ಮೇಲೆ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಚಹಾದ ಡಿಕಾಕ್ಷನ್ನಿಗೆ ಚಿಟಿಕೆ ಅನ್ನಭೇದಿ ಹಾಕಿ ನೋಡಿದರೆ ಇದೇ ಕ್ರಿಯೆಯನ್ನು ಕಣ್ಣಾರೆ ಕಾಣಬಹುದು.

ಬರೆಯುವಾಗ ತಪ್ಪಾದರೆ ಅಕ್ಷರವನ್ನು ಚಾಕುವಿನಿಂದ ಕೆರೆದು ತಿದ್ದಲು ಅವಕಾಶವಿದೆ. ಆದರೆ ತಪ್ಪಾದದ್ದು ದೇವರ ಹೆಸರಿನಲ್ಲಾದರೆ ಕೆರೆಯುವಂತಿಲ್ಲ. ಆ ಹಾಳೆಯನ್ನೇ ತೆಗೆದು ಗೆನೀಜಾಕ್ಕೆ ಸೇರಿಸಿ ಹೊಸ ಹಾಳೆಯಲ್ಲಿ ಮತ್ತೆ ಬರೆಯಬೇಕು. ಅದಕ್ಕೇ ಲಿಪಿಕಾರ ದೇವರ ಹೆಸರು ಬಂದಾಗಲೆಲ್ಲ ತಡೆದು, ಇದನ್ನು ದೇವನಾಮದ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ ಎಂದು ಬಾಯಲ್ಲಿ ಹೇಳಿಕೊಂಡು ಮುಂದುವರಿಯುತ್ತಾನೆ.

ಇಷ್ಟು ಜತನದಿಂದ ಬರೆದ ಸುರುಳಿಯೂ ಸವೆಯದೆ ಇರುವುದಿಲ್ಲ. ವರ್ಷಕ್ಕೊಮ್ಮೆ ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸುವ ಪದ್ಧತಿಯಿರುವುದರಿಂದ ಅದನ್ನು ವಾರವಾರವೂ ಬಿಚ್ಚುವುದು, ಸುತ್ತುವುದು ನಡೆದೇ ಇರುತ್ತದೆ. ಚರ್ಮ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮಸಿಯ ಪದರಕ್ಕೆ ಆ ಗುಣವಿಲ್ಲ. ಹೀಗಾಗಿ ಅಕ್ಷರಗಳಲ್ಲಿ ಬಿರುಕು ಬಿಟ್ಟು ಮಸಿ ಉದುರುತ್ತದೆ. ಒಂದೇ ಒಂದು ಅಕ್ಷರ ಹೋದರೂ ಸರಿಪಡಿಸುವ ತನಕ ಆ ಸುರುಳಿಯನ್ನು ಸಭೆಯಲ್ಲಿ ಓದುವಂತಿಲ್ಲ.

ಮೊದಲು ರಿಪೇರಿ, ಕೊನೆಗೆ ಮಣ್ಣು

ಅಕ್ಷರ ಉದುರಿತೆಂದು ಸುರುಳಿಯನ್ನು ಕೂಡಲೇ ಹೂಳುವುದಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಲಿಪಿಕಾರನನ್ನು ಕರೆಸಿ ರಿಪೇರಿ ಮಾಡಿಸುತ್ತಾರೆ. ಸರಿಪಡಿಸಲು ಸಾಧ್ಯವೇ ಇಲ್ಲವೆಂದಾದಾಗ ಮಾತ್ರ ಗೆನೀಜಾ.

ಇದಕ್ಕೊಂದು ಮನಕಲಕುವ ಉದಾಹರಣೆ ಲಂಡನ್ನಿನಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಬೊಹೀಮಿಯಾ ಮತ್ತು ಮೊರೇವಿಯಾ ಪ್ರಾಂತ್ಯಗಳ ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು. ಊರೂರಿನ ಪ್ರಾರ್ಥನಾ ಮಂದಿರಗಳು ಬರಿದಾದವು. ಅಲ್ಲಿದ್ದ ತೋರಾ ಸುರುಳಿಗಳು ಪ್ರಾಗ್ ನಗರದಲ್ಲಿ ರಾಶಿ ಬಿದ್ದವು. ಅವುಗಳಲ್ಲಿ 1,564 ಸುರುಳಿಗಳು 1964ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಿನಗಾಗ್‌ಗೆ ಬಂದು ಸೇರಿದವು. ಕೆಲವು ನೀರಿನಲ್ಲಿ ತೊಯ್ದಿದ್ದವು, ಕೆಲವು ಬೆಂಕಿಯಲ್ಲಿ ಸೀದಿದ್ದವು. ಒಬ್ಬ ಲಿಪಿಕಾರ ಕಾಲು ಶತಮಾನಕ್ಕೂ ಮಿಕ್ಕಿ ಅಲ್ಲೇ ಕೂತು ಅವುಗಳನ್ನು ಒಂದೊಂದಾಗಿ ಸರಿಪಡಿಸಿದ. ಸರಿಯಾದವು ಜಗತ್ತಿನ ನಾನಾ ಕಡೆಯ ಸಿನಗಾಗ್‌ಗಳಿಗೆ ಎರವಲಾಗಿ ಹೋದವು. ಓದಿಸಿಕೊಳ್ಳುವ ಯೋಗ್ಯತೆ ಕಳೆದುಕೊಂಡವೂ ವ್ಯರ್ಥವಾಗಲಿಲ್ಲ. ಮಡಿದ ಊರುಗಳ ಸಾಕ್ಷಿಯಾಗಿ ಅವೂ ಉಳಿದಿವೆ.

ಗೌರವದಲ್ಲೂ ಯೆಹೂದಿ ಧರ್ಮಶಾಸ್ತ್ರ ಅಂತಸ್ತುಗಳನ್ನು ಮಾಡಿದೆ. ತೋರಾ ಸುರುಳಿ, ಬಾಗಿಲ ಕಂಬಕ್ಕೆ ಕಟ್ಟುವ ‘ಮೆಜೂಜಾ’ ಎಂಬ ಚರ್ಮದ ಚೀಟಿ, ಪ್ರಾರ್ಥನೆಯಲ್ಲಿ ಹಣೆಗೂ ತೋಳಿಗೂ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆಗಳೊಳಗಿನ ಬರಹ, ಇವು ಸ್ವತಃ ಪವಿತ್ರ. ಇವನ್ನು ಸುತ್ತುವ ಬಟ್ಟೆ, ಇಡುವ ಪೆಟ್ಟಿಗೆಗಳಿಗೂ ಆ ಪಾವಿತ್ರ್ಯ ಅಂಟುತ್ತದೆ. ಅವೂ ಗೆನೀಜಾಕ್ಕೇ ಸೇರಬೇಕು. ಆದರೆ ಒಂದು ವಿಧಿಯ ಆಚರಣೆಗಷ್ಟೇ ಬಳಸಿದ ವಸ್ತುಗಳನ್ನು, ಉದಾಹರಣೆಗೆ ಹಬ್ಬದ ಚಪ್ಪರದ ಸೊಪ್ಪುಸದೆಯನ್ನು, ಅವಮಾನವಾಗದಂತೆ ವಿಲೇವಾರಿ ಮಾಡಿದರೆ ಸಾಕು.

ಫುಸ್ತಾತಿನ ಕತ್ತಲೆ ಕೋಣೆ

ಈಗ ಈಜಿಪ್ಟಿಗೆ ಬರೋಣ. ಇಂದಿನ ಕೈರೋ ನಗರದ ಹಳೆಯ ಭಾಗಕ್ಕೆ ಫುಸ್ತಾತ್ ಎಂದು ಹೆಸರು. ಅಲ್ಲಿ ಬೆನ್ ಎಜ್ರಾ ಎಂಬ ಸಿನಗಾಗ್ ಇದೆ. 11ನೆಯ ಶತಮಾನದ ಆರಂಭದಲ್ಲಿ ಕೆಡವಲ್ಪಟ್ಟ ಈ ಮಂದಿರವನ್ನು ಕೆಲವೇ ದಶಕಗಳಲ್ಲಿ ಮತ್ತೆ ಕಟ್ಟಿದರು. ಹೆಂಗಸರು ಕೂರುವ ಮೇಲಂತಸ್ತಿನ ಒಂದು ತುದಿಯಲ್ಲಿ ಬಾಗಿಲು ಕಿಟಕಿಗಳಿಲ್ಲದ ಕೋಣೆಯೊಂದಿತ್ತು. ಗೋಡೆಯ ಮೇಲ್ಭಾಗದಲ್ಲಿ ಒಂದು ಕಂಡಿ ಮಾತ್ರ. ಏಣಿ ಹತ್ತಿ ಆ ಕಂಡಿಯ ಮೂಲಕ ಹಳೆಯ ಬರಹಗಳನ್ನು ಒಳಗೆ ಹಾಕುತ್ತಿದ್ದರು.

ಸಾಮಾನ್ಯ ರೂಢಿಯಂತೆ ಈ ಕಾಗದಗಳನ್ನು ಆಗಾಗ ಹೊರತೆಗೆದು ಹೂಳಬೇಕಿತ್ತು. ಅಲ್ಲಿ ಅದಾಗಲಿಲ್ಲ. ಸುಮಾರು 900 ವರ್ಷಗಳ ಕಾಲ ಹಾಕಿದ್ದೆಲ್ಲ ಒಳಗೇ ಉಳಿಯಿತು. ಹಾಕಿದ್ದೂ ಬರೀ ಧರ್ಮಗ್ರಂಥಗಳನ್ನಲ್ಲ. ಅಂದಿನ ಜನ ಕಾಗದ ಬರೆಯುವಾಗ ದೇವರ ಹೆಸರಿನಿಂದಲೇ ಆರಂಭಿಸುತ್ತಿದ್ದರು. ಮಾತು ಅರಬ್ಬಿಯಾದರೂ ಬರೆಯುತ್ತಿದ್ದುದು ಹೀಬ್ರೂ ಲಿಪಿಯಲ್ಲಿ. ಆ ಲಿಪಿಯ ಮೇಲೇ ಅವರಿಗೆ ಭಕ್ತಿ. ಆದ್ದರಿಂದ ವ್ಯಾಪಾರದ ಲೆಕ್ಕ, ಮದುವೆಯ ಕರಾರು, ಸಾಲದ ಪತ್ರ, ಔಷಧಿಯ ಚೀಟಿ, ಬಡವರ ಅರ್ಜಿ, ಮಕ್ಕಳು ಅಕ್ಷರ ಕಲಿತ ಹಾಳೆಗಳು, ಎಲ್ಲವೂ ಆ ಕಂಡಿಯೊಳಗೆ ಬಿದ್ದವು.

1864ರಲ್ಲಿ ಯಾಕೋಬ್ ಸಫೀರ್ ಎಂಬ ಜೆರೂಸಲೇಮಿನ ಪ್ರವಾಸಿ ಈ ಕೋಣೆಯನ್ನು ನೋಡಲು ಬಂದಾಗ, ಒಳಗೆ ಹಾವಿದೆ ಎಂದು ಅಲ್ಲಿಯವರು ಹೆದರಿಸಿದರು. ಆತ ಹಟ ಬಿಡದೆ ಒಳಹೊಕ್ಕರೂ ಧೂಳಿನಲ್ಲಿ ಹೆಚ್ಚೇನೂ ಹುಡುಕಲಾಗಲಿಲ್ಲ. 1890ರ ಸುಮಾರಿಗೆ ಹಳೆಯ ಕಟ್ಟಡವನ್ನು ಬಿಚ್ಚಿ ಹೊಸದಾಗಿ ಕಟ್ಟಿದಾಗ ಕೆಲವು ಹಾಳೆಗಳು ಕೈರೋ ಪೇಟೆಯ ವ್ಯಾಪಾರಿಗಳ ಕೈಗೆ ಸಿಕ್ಕಿದವು.

ಆಗ ರಂಗಕ್ಕೆ ಬಂದವರು ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು. ಮೂಲತಃ ಸ್ಕಾಟ್ಲೆಂಡಿನವರಾದ ಇವರು ಸ್ವಂತ ಆಸಕ್ತಿಯಿಂದ ಹಲವು ಪ್ರಾಚೀನ ಭಾಷೆಗಳನ್ನು ಕಲಿತಿದ್ದ ವಿದುಷಿಯರು. 1896ರಲ್ಲಿ ಪೂರ್ವದೇಶದ ಪ್ರವಾಸದಲ್ಲಿ ಕೊಂಡ ಕೆಲವು ಹರಕು ಹಾಳೆಗಳನ್ನು ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ವಿದ್ವಾಂಸ ಸಾಲೊಮನ್ ಷೆಕ್ಟರ್‌ಗೆ ತೋರಿಸಿದರು. ಷೆಕ್ಟರ್ ಒಂದು ಹಾಳೆಯನ್ನು ನೋಡಿ ಬೆರಗಾದ. ಅದು ಕ್ರಿಸ್ತಪೂರ್ವ 2ನೆಯ ಶತಮಾನದ ‘ಬೆನ್ ಸಿರಾ’ ಎಂಬ ನೀತಿಗ್ರಂಥದ ಹೀಬ್ರೂ ಪಾಠ. ಶತಮಾನಗಳಿಂದ ಗ್ರೀಕ್ ಮುಂತಾದ ಅನುವಾದಗಳಲ್ಲಿ ಮಾತ್ರ ಸಿಗುತ್ತಿದ್ದ ಗ್ರಂಥದ ಮೂಲ ಹಾಳೆ ಕೈಗೆ ಬಂದಿತ್ತು!

ಅದೇ ವರ್ಷದ ಡಿಸೆಂಬರಿನಲ್ಲಿ ಷೆಕ್ಟರ್ ಕೈರೋಗೆ ಹೊರಟ. ಖರ್ಚು ವಹಿಸಿಕೊಂಡವನು ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್. ಕೈರೋದ ಪ್ರಧಾನ ಧರ್ಮಗುರು ಬೇಕಾದಷ್ಟನ್ನು ಒಯ್ಯಲು ಅನುಮತಿ ಕೊಟ್ಟ. ಶತಮಾನಗಳ ಧೂಳಿನಲ್ಲಿ ಕೆಮ್ಮುತ್ತ ವಾರಗಟ್ಟಲೆ ಕೆಲಸ ಮಾಡಿದ ಷೆಕ್ಟರ್ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಡ್ಜಿಗೆ ಸಾಗಿಸಿದ. ಉಳಿದವು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಹಂಚಿಹೋದವು.

ಹಾಳೆಗಳು ಉಳಿದದ್ದು ಹೇಗೆ?

900 ವರ್ಷ ಕಾಗದ ಕೊಳೆಯದೆ ಉಳಿದದ್ದಕ್ಕೆ ಪವಾಡವೇನೂ ಕಾರಣವಲ್ಲ. ಕಾಗದದ ಮುಖ್ಯ ವಸ್ತು ಸೆಲ್ಯುಲೋಸ್. ಅದನ್ನು ತಿನ್ನುವ ಬೂಷ್ಟಿಗೂ ಬ್ಯಾಕ್ಟೀರಿಯಾಗಳಿಗೂ ತೇವ ಬೇಕು. ಕೈರೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಮಿಲಿಮೀಟರ್. ನಮ್ಮ ಮಂಗಳೂರಿನಲ್ಲಿ ಅದು 3,500 ಮಿಲಿಮೀಟರಿಗೂ ಹೆಚ್ಚು. ಕೈರೋದಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಮಂಗಳೂರಿನಲ್ಲಿ ಆಷಾಢದ ಒಂದು ದಿನಕ್ಕೇ ಸುರಿದುಬಿಡುತ್ತದೆ.

ಎರಡನೆಯದು ಕಾಗದದ ಗುಣ. ಅಂದಿನ ಈಜಿಪ್ಟಿನ ಕಾಗದ ನಾರಗಸೆಯ ಹಳೆಬಟ್ಟೆಯ ಚಿಂದಿಯಿಂದ ಮಾಡಿದ್ದು. ಅದರ ಎಳೆಗಳು ಉದ್ದ ಮತ್ತು ಗಟ್ಟಿ. 19ನೆಯ ಶತಮಾನದಿಂದೀಚೆಗೆ ಬಂದ ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತುವೂ, ಪಟಿಕದಂಥ ರಾಸಾಯನಿಕಗಳಿಂದ ಬರುವ ಆಮ್ಲವೂ ಇರುತ್ತವೆ. ಈ ಆಮ್ಲ ಸೆಲ್ಯುಲೋಸಿನ ಸರಪಳಿಯನ್ನು ತುಂಡುತುಂಡು ಮಾಡುತ್ತದೆ. ಹಳೆಯ ದಿನಪತ್ರಿಕೆ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಹಪ್ಪಳದಂತೆ ಮುರಿಯುವುದು ಇದರಿಂದಲೇ. ಮೂರನೆಯದಾಗಿ, ಕಿಟಕಿಯಿಲ್ಲದ ಆ ಕೋಣೆಯೊಳಕ್ಕೆ ಕಾಗದವನ್ನು ಕೆಡಿಸುವ ಬಿಸಿಲು ಬೀಳುತ್ತಿರಲಿಲ್ಲ.

ಅಣ್ಣನ ನಿಯಮ, ತಮ್ಮನ ಕಾಗದ

ಮೈಮೊನಿಡಿಸ್‌ನ ಹೆಸರನ್ನು ನೆನಪಿಡಲು ಹೇಳಿದ್ದೆನಷ್ಟೆ. ಆತ ಬಾಳಿದ್ದು ಇದೇ ಫುಸ್ತಾತಿನಲ್ಲಿ. ಆತನಿಗೆ ಡೇವಿಡ್ ಎಂಬ ತಮ್ಮನಿದ್ದ. ರತ್ನಗಳ ವ್ಯಾಪಾರ ಮಾಡಿ ಮನೆಯನ್ನು ನಡೆಸುತ್ತಿದ್ದವನು, ಅಣ್ಣನಿಗೆ ನಿಶ್ಚಿಂತೆಯಿಂದ ಓದು ಬರಹದಲ್ಲಿ ತೊಡಗಲು ಅನುವು ಮಾಡಿಕೊಟ್ಟವನು ಈ ತಮ್ಮನೇ. 1170ರ ಸುಮಾರಿಗೆ ಆತ ಕೆಂಪು ಸಮುದ್ರದ ದಡದ ಐದಾಬ್ ಬಂದರಿನಿಂದ ಅಣ್ಣನಿಗೊಂದು ಕಾಗದ ಬರೆದ. ಮರುಭೂಮಿಯನ್ನು ದಾಟಿ ಬಂದ ಕಷ್ಟವನ್ನು ತಿಳಿಸಿ, ತಾನಿನ್ನು ಸಮುದ್ರಯಾನಕ್ಕೆ ಹೊರಡುತ್ತಿರುವುದಾಗಿಯೂ ಚಿಂತಿಸಬಾರದೆಂದೂ ಬರೆದ. ಅವನು ಹೊರಟಿದ್ದು ಭಾರತದ ಕಡೆಗೆ. ಆದರೆ ಹಿಂದೂ ಮಹಾಸಾಗರದಲ್ಲಿ ಮುಳುಗಿ ತೀರಿಕೊಂಡ. ಆ ದುಃಖದಲ್ಲಿ ತಾನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದಾಗಿ ಮೈಮೊನಿಡಿಸ್ ಮುಂದೆ ಬರೆದುಕೊಂಡಿದ್ದಾನೆ.

ತಮ್ಮನ ಆ ಕಾಗದ ಇಂದು ಕೇಂಬ್ರಿಡ್ಜ್ ಗ್ರಂಥಾಲಯದಲ್ಲಿದೆ. ಬರಹವನ್ನು ನಾಶ ಮಾಡಬೇಡಿ ಎಂದು ನಿಯಮ ಬರೆದವನು ಅಣ್ಣ. ಅಂಥ ನಿಯಮವನ್ನು ಪಾಲಿಸುವ ಊರಿನಲ್ಲಿ ಇದ್ದುದರಿಂದಲೇ ತಮ್ಮನ ಕೊನೆಯ ಮಾತುಗಳು 850 ವರ್ಷಗಳ ನಂತರವೂ ಓದಲು ಸಿಗುತ್ತಿವೆ.

ಮಂಗಳೂರಿನ ನಂಟು

ಡೇವಿಡ್‌ನಂತೆ ಸಮುದ್ರ ದಾಟಿ ಭಾರತಕ್ಕೆ ಬರುತ್ತಿದ್ದ ಯೆಹೂದಿ ವರ್ತಕರು ಹಲವರು. ಅವರ ಕಾಗದಪತ್ರಗಳನ್ನು ಗೆನೀಜಾದ ರಾಶಿಯಿಂದ ಆಯ್ದು ಜೋಡಿಸಿದ ವಿದ್ವಾಂಸ ಎಸ್.ಡಿ. ಗೊಯ್ಟೈನ್. ಅವರಲ್ಲಿ ನಮಗೆ ಹತ್ತಿರದವನು ಅಬ್ರಹಾಂ ಬೆನ್ ಯಿಜು. ಉತ್ತರ ಆಫ್ರಿಕದ ಮಹ್ದಿಯಾ ಊರಿನವನಾದ ಈತ 1130ರ ದಶಕದ ಆರಂಭದಲ್ಲಿ ಕರಾವಳಿಗೆ ಬಂದು ಸುಮಾರು 17 ವರ್ಷ ಇಲ್ಲಿ ಬಾಳಿದ. ಆತನ ನೆಲೆ ಮಂಗಳೂರು. ಅರಬ್ಬರ ಬಾಯಲ್ಲಿ ‘ಮಂಜರೂರ್’. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ಅಷು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿದ ದಸ್ತಾವೇಜು ಉಳಿದಿದೆ. ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ.

ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್ ಬಂದರಿಗೆ ಹೋಗುತ್ತಿದ್ದವು. ಬೆನ್ ಯಿಜುವಿಗೆ ಇಲ್ಲಿ ಕಂಚು ಹಿತ್ತಾಳೆ ಪಾತ್ರೆಗಳ ಕಾರ್ಖಾನೆಯೂ ಇತ್ತು. ಏಡನ್ನಿನ ಗಿರಾಕಿಗಳು ಒಡೆದ ಪಾತ್ರೆಗಳನ್ನು ಕಳಿಸಿ, ಕರಗಿಸಿ ಇಂಥಿಂಥ ಆಕಾರದಲ್ಲಿ ಹೊಸತು ಮಾಡಿಕೊಡಿ ಎಂದು ಬರೆಯುತ್ತಿದ್ದರು. ಅವರು ಕಾಣಿಕೆಯಾಗಿ ಕಳಿಸುತ್ತಿದ್ದ ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಒಂದು ಮುಖ್ಯ ವಸ್ತು ಕಾಗದ! ತಾಳೆಗರಿಯಲ್ಲಿ ಬರೆಯುತ್ತಿದ್ದ ನಮ್ಮ ಕರಾವಳಿಯಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲ. ಬಂದ ಪತ್ರಗಳ ಬೆನ್ನಿನಲ್ಲಿ, ಅಂಚಿನಲ್ಲಿ ಖಾಲಿ ಉಳಿದ ಜಾಗದಲ್ಲೆಲ್ಲ ಬೆನ್ ಯಿಜು ತನ್ನ ಲೆಕ್ಕಗಳನ್ನು ಬರೆದುಕೊಂಡಿದ್ದಾನೆ.

ಆತನ ಪರವಾಗಿ ಏಡನ್‌ವರೆಗೆ ಹೋಗಿ ವ್ಯವಹಾರ ನಡೆಸಿ ಬರುತ್ತಿದ್ದ ಒಬ್ಬ ಸ್ಥಳೀಯ ಆಳಿನ ಹೆಸರೂ ಈ ಪತ್ರಗಳಲ್ಲಿದೆ. ಅವನಿಗೂ ನಮಸ್ಕಾರ ತಿಳಿಸಿ ಎಂದು ಏಡನ್ನಿನ ವರ್ತಕರು ಬರೆಯುತ್ತಾರೆ. ಲೇಖಕ ಅಮಿತಾವ್ ಘೋಷ್ ಈ ಎಳೆಯನ್ನು ಹಿಡಿದು ಈಜಿಪ್ಟಿನಿಂದ ಮಂಗಳೂರಿನವರೆಗೆ ಅಲೆದರು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಬಿಟ್ಟು ಬರೆಯುವುದರಿಂದ ಆ ಹೆಸರನ್ನು ಹೇಗೆ ಓದಬೇಕೆಂಬುದೇ ಸಮಸ್ಯೆಯಾಗಿತ್ತು. ತುಳುನಾಡಿನ ಜಾನಪದ ಬಲ್ಲವರೊಡನೆ ಚರ್ಚಿಸಿದ ಘೋಷ್ ಅದು ‘ಬೊಮ್ಮ’ ಎಂಬ ನಿರ್ಣಯಕ್ಕೆ ಬಂದರು. 1992ರಲ್ಲಿ ಪ್ರಕಟವಾದ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಹುಡುಕಾಟದ ಕಥೆಯಿದೆ.

ಯೋಚಿಸಿ ನೋಡಿ. ಆ ಶತಮಾನದ ಅರಸರ ಹೆಸರುಗಳು ಶಾಸನಗಳಲ್ಲಿವೆ. ದಾನ ಕೊಟ್ಟವರ, ಯುದ್ಧದಲ್ಲಿ ಮಡಿದವರ ಹೆಸರುಗಳೂ ಕಲ್ಲಿನ ಮೇಲಿವೆ. ಆದರೆ ಸರಕು ಹೊತ್ತು ಕಡಲು ದಾಟಿದ ಬೊಮ್ಮನಂಥ ಆಳಿಗೆ ಯಾರೂ ಶಾಸನ ಹಾಕಿಸಲಿಲ್ಲ. ಅವನ ಹೆಸರು ಉಳಿದದ್ದು ಎಸೆಯಲು ಮನಸ್ಸು ಬಾರದೆ ಎತ್ತಿಟ್ಟ ಕಾಗದದಲ್ಲಿ.

ಹೊರತೆಗೆದದ್ದು ಸರಿಯೇ?

ಇಲ್ಲೊಂದು ಪ್ರಶ್ನೆ ಏಳುತ್ತದೆ. ವಿಶ್ರಾಂತಿಗೆಂದು ಇಟ್ಟದ್ದನ್ನು ಕೆದಕಿ ಹೊರತೆಗೆಯುವುದು ಆ ಗೌರವಕ್ಕೆ ಭಂಗವಲ್ಲವೇ? ಬರೆದವರಾಗಲಿ ಕೋಣೆಗೆ ಹಾಕಿದವರಾಗಲಿ ಇವನ್ನು ಮುಂದೊಮ್ಮೆ ಪರಕೀಯರು ಓದುತ್ತಾರೆಂದು ಎಣಿಸಿರಲಾರರು. ಹರಿದ ಸಂಸಾರ, ತೀರದ ಸಾಲ, ಕಾಯಿಲೆ ಕಸಾಲೆ ಎಲ್ಲವೂ ಅದರಲ್ಲಿವೆ. ಮೂಟೆ ಮೂಟೆಯಾಗಿ ಒಂದು ದೇಶದ ಸಂಪತ್ತು ಇನ್ನೊಂದು ದೇಶಕ್ಕೆ ಹೋಯಿತು ಎಂಬ ಆಕ್ಷೇಪದಲ್ಲೂ ಹುರುಳಿದೆ.

ಇನ್ನೊಂದು ಮಗ್ಗುಲೂ ಇದೆ. ಫುಸ್ತಾತಿನ ಜನ ನಿಯಮದಂತೆ ಎಲ್ಲವನ್ನೂ ಹೂತಿದ್ದರೆ ಬೊಮ್ಮನೂ ಇಲ್ಲ, ಡೇವಿಡ್‌ನ ಕಾಗದವೂ ಇಲ್ಲ. ಷೆಕ್ಟರ್ ಬಾರದಿದ್ದರೆ ಹಾಳೆಗಳು ಒಂದೊಂದಾಗಿ ಪೇಟೆಯಲ್ಲಿ ಮಾರಾಟವಾಗಿ ದಿಕ್ಕಾಪಾಲಾಗುತ್ತಿದ್ದವು. ಆ ವ್ಯಾಪಾರ ಆಗಲೇ ಶುರುವಾಗಿತ್ತು. ಕೇಂಬ್ರಿಡ್ಜಿನಲ್ಲಿ ಮುದುರಿದ ತುಣುಕುಗಳನ್ನು ಸಾವಧಾನವಾಗಿ ಬಿಡಿಸಿ, ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಇರಿಸಿದ್ದಾರೆ. ಜಗತ್ತಿನ ಬೇರೆ ಬೇರೆ ಗ್ರಂಥಾಲಯಗಳಲ್ಲಿರುವ ತುಣುಕುಗಳ ಛಾಯಾಚಿತ್ರಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಫ್ರೀಡ್‌ಬರ್ಗ್ ಗೆನೀಜಾ ಯೋಜನೆ ಕೈಗೊಂಡಿತು. ಒಂದೇ ಹಾಳೆಯ ಎರಡು ಚೂರುಗಳು ಎರಡು ದೇಶಗಳಲ್ಲಿದ್ದರೆ ಕೈಬರಹದ ಹೋಲಿಕೆಯಿಂದ ಅವನ್ನು ಗುರುತಿಸಲು ಕಂಪ್ಯೂಟರನ್ನು ಬಳಸಿದ್ದಾರೆ. ಇದೂ ಹರಿದುದನ್ನು ಸರಿಪಡಿಸುವ ಕೆಲಸವೇ ಅಲ್ಲವೇ? ಹೂಳುವ ಮೊದಲು ರಿಪೇರಿ ಮಾಡಿಸು ಎಂಬ ಮಾತು ಇಲ್ಲಿಗೂ ಹೊಂದುತ್ತದೆ.

ಬೆನ್ ಎಜ್ರಾ ಸಿನಗಾಗ್ ದುರಸ್ತಿಯಾಗಿ 2023ರಲ್ಲಿ ಸಂದರ್ಶಕರಿಗೆ ಮತ್ತೆ ತೆರೆಯಿತು.

ಜೆರಾಕ್ಸ್ ಕಾಲದ ಧರ್ಮಸಂಕಟ

ಮುದ್ರಣ ಬಂದ ಮೇಲೆ ಈ ಪದ್ಧತಿಯ ಹೊರೆ ಹೆಚ್ಚಾಯಿತು. ವರ್ಷಕ್ಕೊಂದು ಸುರುಳಿ ಬರೆಯುವ ಕಾಲದಲ್ಲಿ ಒಂದು ಕೋಣೆ 900 ವರ್ಷಕ್ಕೆ ಸಾಕಾಗಿತ್ತು. ಇಂದು ಪ್ರಾರ್ಥನಾ ಪುಸ್ತಕಗಳು, ಶಾಲೆಗಳಲ್ಲಿ ಹಂಚುವ ಜೆರಾಕ್ಸ್ ಪಾಠಗಳು ರಾಶಿರಾಶಿ. ಹೆಚ್ಚಿನ ಧರ್ಮಗುರುಗಳ ಪ್ರಕಾರ ಅಚ್ಚಾದದ್ದಕ್ಕೂ ಗೌರವ ಸಲ್ಲಬೇಕು. ಅದಕ್ಕಾಗಿ ಸಿನಗಾಗ್‌ಗಳಲ್ಲಿ ಗೆನೀಜಾ ಪೆಟ್ಟಿಗೆಗಳಿರುತ್ತವೆ. ತುಂಬಿದ ಮೇಲೆ ಸ್ಮಶಾನಕ್ಕೆ ಒಯ್ದು ಹೂಳುತ್ತಾರೆ. ಅನಗತ್ಯವಾಗಿ ಈ ಪ್ರಸಂಗ ಬಾರದಿರಲೆಂದು ಅನೇಕರು ದಿನನಿತ್ಯದ ಬರವಣಿಗೆಯಲ್ಲಿ ದೇವರ ಹೆಸರನ್ನು ಪೂರ್ತಿ ಬರೆಯುವುದೇ ಇಲ್ಲ. ಒಂದಕ್ಷರ ಬಿಟ್ಟೋ, ನಡುವೆ ಗೆರೆ ಹಾಕಿಯೋ ಬರೆಯುತ್ತಾರೆ. ಕಂಪ್ಯೂಟರಿನ ಪರದೆಯ ಮೇಲಿನ ಹೆಸರನ್ನು ಅಳಿಸಬಹುದೇ ಎಂಬ ಚರ್ಚೆಯೂ ನಡೆದಿದೆ. ಪರದೆಯ ಮೇಲೆ ಮೂಡಿದ್ದು ನಿಂತ ಬರಹವಲ್ಲ, ಬೆಳಕಿನ ಆಟ. ಆದ್ದರಿಂದ ದೋಷವಿಲ್ಲ ಎಂಬುದು ಬಹುತೇಕ ಪಂಡಿತರ ತೀರ್ಪು.

ಈ ಪದ್ಧತಿಯನ್ನು ನಾವೂ ಹಾಗೆಯೇ ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲ ಕಾಗದವನ್ನೂ ಹೂಳುತ್ತ ಹೋದರೆ ಮರಗಳ ಗತಿಯೇನು? ಹಳೆಯ ಕಾಗದ ಹೊಸ ಕಾಗದವಾಗುವುದೂ ಒಳ್ಳೆಯ ಕೆಲಸವೇ. ಆದರೆ ಅದರಿಂದ ಕಲಿಯಬಹುದಾದ ಒಂದು ಅಭ್ಯಾಸವಿದೆ: ಬರಹವನ್ನು ಕೈಬಿಡುವ ಮುನ್ನ ಒಂದು ಕ್ಷಣ ತಡೆಯುವುದು. ಇದನ್ನು ಹೊಲಿದು ಮತ್ತೆ ಬಳಸಬಹುದೇ? ಮುಂದಿನ ತರಗತಿಗೆ ಬರುವ ಮಗುವಿಗೆ ಆದೀತೇ? ಅಜ್ಜ ಬರೆದ ಕಾರ್ಡು, ಅಜ್ಜಿಯ ಹಾಡಿನ ಪುಸ್ತಕ, ಮನೆಯ ಹಳೆಯ ಜಮಾಖರ್ಚು ಇದರ ನಡುವೆ ಸೇರಿಕೊಂಡಿದೆಯೇ? ತಂದೆತಾಯಿ ಮಕ್ಕಳೊಡನೆ ಕೂತು ಮಾಡಬಹುದಾದ ಕೆಲಸವಿದು.

ಫುಸ್ತಾತಿನವರು ಇತಿಹಾಸ ಬರೆಯಲು ಹೊರಟವರಲ್ಲ, ವಸ್ತುಸಂಗ್ರಹಾಲಯ ಕಟ್ಟಿದವರೂ ಅಲ್ಲ. ಲೆಕ್ಕದ ಚೀಟಿಯ ತಲೆಯ ಮೇಲೆ ದೇವರ ಹೆಸರು ಕಂಡಿತು. ಹರಿಯಲು ಕೈ ಬರಲಿಲ್ಲ, ಏಣಿ ಹತ್ತಿ ಕಂಡಿಯೊಳಗೆ ಹಾಕಿ ಇಳಿದರು. ಅದರಿಂದ ತಮಗೆ ಯಾವ ಲಾಭವನ್ನೂ ಅವರು ಬಯಸಲಿಲ್ಲ. ಲಾಭವಾದದ್ದು ಅವರ ಹೆಸರನ್ನೂ ಕೇಳದ ನಮಗೆ.